ಕರಡಿಮಾವನ ಬಲಗೈ

ಇಪ್ಪೆ ಮರಗಳೇ ತುಂಬಿದ್ದ ಕಾಡೊಂದರಲ್ಲಿ ಒಂದು ಕರಡಿ ಇತ್ತು. ಕಾಡಿಗೆಲ್ಲ ಅದು ಕರಡಿಮಾವ. ಹೆಸರಿಗಷ್ಟೇ ಮಾವ, ನನ್ನವರು ಅನ್ನಲು ಒಬ್ಬರೂ ಇರಲಿಲ್ಲ. ಹಳೆಯ ಹೊನ್ನೆ ಮರದ ಬುಡದಲ್ಲಿ ಒಂಟಿಯಾಗಿ ಮಲಗುತ್ತಿತ್ತು. ಆ ಮರದ ಪೊಟರೆಯಲ್ಲಿ ಜೇನಿತ್ತು. ಕರಡಿಮಾವನ ಬಲಗೈಗೆ ಭಾರೀ ಬಲ. ಹಿಂದೊಮ್ಮೆ ಕೆಸರಲ್ಲಿ ಹೂತುಹೋಗಿದ್ದ ನರಿಯನ್ನು ಒಂದೇ ಎಳೆತಕ್ಕೆ ಮೇಲೆತ್ತಿದ್ದು ಅದೇ ಕೈ.

ಇಪ್ಪೆ ಹೂ ಉದುರುವ ಕಾಲ ಬಂದರೆ ಕರಡಿಮಾವ ಹೊಟ್ಟೆ ಬಿರಿಯೆ ಹೂ ತಿಂದು, ಅಮಲೇರಿ, ತೂರಾಡುತ್ತಾ ಹಾಡುತ್ತಿತ್ತು. ಪ್ರಾಣಿಗಳೆಲ್ಲ ಸುತ್ತ ಸೇರಿ ನಗುತ್ತಿದ್ದವು. ಒಂಟಿ ಜೀವಕ್ಕೆ ಆ ನಗುವೂ ಹಿತವಾಗಿತ್ತು.

ಒಂದು ಬೆಳಿಗ್ಗೆ ಕರಡಿಮಾವ ಏಳಲು ಹೋಯಿತು. ಬಲಗೈ ಏಳಲಿಲ್ಲ. ಬಲಗಾಲು ನಿಲ್ಲಲಿಲ್ಲ. ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಯಿತು. "ಯಾರಾದ್ರೂ ಬನ್ನಿ" ಎನ್ನಲು ನೋಡಿತು. ಬಂದದ್ದು ಬರೀ ತೊದಲು.

ಅಷ್ಟರಲ್ಲಿ ನರಿ ಬಂತು. ನರಿಯ ಅಜ್ಜನಿಗೆ ಲಕ್ವ ಹೊಡೆದಾಗ ಹೀಗೇ ಆಗಿತ್ತು. 'ಸದ್ಯ, ಇವನಿಗೆ ಗೊತ್ತಾಗುತ್ತೆ' ಎಂದು ಕರಡಿಮಾವನಿಗೆ ಧೈರ್ಯ ಬಂತು. ನರಿಗೆ ಗೊತ್ತೂ ಆಯಿತು. ಆದರೆ ಅದರ ಕಣ್ಣು ಕರಡಿಮಾವ ಕಾಯುತ್ತಿದ್ದ ಜೇನಿನ ಮೇಲೆ ಹೋಯಿತು.

ಜಿಂಕೆ, ಮೊಲ, ಮುಳ್ಳುಹಂದಿ ಓಡಿ ಬಂದವು. "ಏನಾಯ್ತು ಮಾವನಿಗೆ?"

"ಏನಾಗೋದು? ಇಪ್ಪೆ ಹೂವಿನ ಅಮಲು! ಮಲಗಿದ್ರೆ ಸಂಜೆಗೆ ಇಳಿಯುತ್ತೆ. ಯಾರೂ ಎಬ್ಬಿಸ್ಬೇಡಿ" ಎಂದಿತು ನರಿ.

"ಹಾಡು ಮಾವ, ಹಾಡು!" ಎಂದು ಎಲ್ಲವೂ ಗೊಳ್ಳೆಂದು ನಕ್ಕವು. ಕರಡಿಮಾವ ತೊದಲಿತು. ನಗು ಇನ್ನೂ ಜೋರಾಯಿತು. ಆಮೇಲೆ ಎಲ್ಲವೂ ತಮ್ಮ ತಮ್ಮ ದಾರಿ ಹಿಡಿದವು. ಕರಡಿಮಾವನಿಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಇಷ್ಟು ಒಂಟಿತನವನ್ನು ಅದು ಎಂದೂ ಕಂಡಿರಲಿಲ್ಲ. ಪಕ್ಕದಲ್ಲೇ ನರಿ ಪೊಟರೆಯ ಅಂಚಿನ ಜೇನು ನೆಕ್ಕುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮೊಲ ಈ ತಮಾಷೆಯನ್ನು ಅಳಿಲಿಗೆ ಹೇಳಿತು. ಅಳಿಲು ಹುಬ್ಬೇರಿಸಿತು. "ನಾನಿರೋದೇ ಇಪ್ಪೆ ಮರದಲ್ಲಿ. ಇನ್ನೂ ಮೊಗ್ಗೇ ಒಡೆದಿಲ್ಲ. ಮಾವ ಯಾವ ಹೂ ತಿಂದ?"

ಅದು ಒಂದೇ ಉಸಿರಿಗೆ ಓಡಿ ಬಂತು. "ಮಾವ, ಸ್ವಲ್ಪ ನಗು ನೋಡೋಣ." ಅರ್ಧ ಬಾಯಿ ಮಾತ್ರ ನಕ್ಕಿತು. "ಎರಡೂ ಕೈ ಎತ್ತು." ಎಡಗೈ ಮಾತ್ರ ಎದ್ದಿತು. "ನಾನ್ಯಾರು ಹೇಳು." ಬರೀ ತೊದಲು. ಅಳಿಲು ನಗಲಿಲ್ಲ. ಆ ದಿನ ನಗದಿದ್ದದ್ದು ಅದೊಂದೇ. ಕರಡಿಮಾವನ ಕಣ್ಣಲ್ಲಿ ನೀರು ಬಂತು.

ಅಳಿಲು ವೈದ್ಯೆ ಆನೆಯಮ್ಮನನ್ನು ಕರೆತಂದಿತು. "ಇದು ಲಕ್ವ. ತಲೆಗೆ ರಕ್ತ ಸರಿಯಾಗಿ ಹೋಗ್ತಿಲ್ಲ. ಬೆಳಿಗ್ಗೆಯೇ ಕರೆದಿದ್ರೆ ಕೈಯೂ ಉಳೀತಿತ್ತೇನೋ" ಎಂದು ಆನೆಯಮ್ಮ ನಿಟ್ಟುಸಿರು ಬಿಟ್ಟಿತು. ಕರಡಿಮಾವನನ್ನು ಹೊತ್ತುಕೊಂಡು ಹೋಗಿ ಆರೈಕೆ ಮಾಡಿತು. ಜೀವ ಉಳಿಯಿತು. ಮಾತು ನಿಧಾನವಾಗಿ ಮರಳಿತು. ಬಲಗೈ ಮಾತ್ರ ಮರಳಲಿಲ್ಲ.

ಕೆಲವು ವಾರಗಳ ಮೇಲೆ ಕರಡಿಮಾವ ಅಳಿಲಿನ ಜೊತೆ ಕುಂಟುತ್ತಾ ಹೊನ್ನೆ ಮರದ ಬುಡಕ್ಕೆ ಮರಳಿದಾಗ ಪೊಟರೆಯಿಂದ ಚೀರಾಟ ಕೇಳಿತು. ಒಳಗಿನ ಜೇನಿಗೂ ಆಸೆಪಟ್ಟ ನರಿ ಪೊಟರೆಯೊಳಗೆ ತೂರಿ ಸಿಕ್ಕಿಹಾಕಿಕೊಂಡಿತ್ತು. ಜೇನುಹುಳಗಳು ಮುತ್ತಿ ಕಚ್ಚುತ್ತಿದ್ದವು.

"ಮಾವಾ, ನಿನ್ನ ಬಲಗೈಯಿಂದ ಒಂದ್ಸಲ ಎಳೆದುಬಿಡಪ್ಪಾ!"

ಕರಡಿಮಾವ ಎಡಗೈಯಿಂದ ಎಳೆಯಿತು. ಸಾಲಲಿಲ್ಲ. ಬಲಗೈ ಜೋತುಬಿದ್ದಿತ್ತು.

"ಎಳೀತಿದ್ದೆ ಕಣೋ" ಎಂದಿತು ತಡೆದು ತಡೆದು. "ಸಂಜೆವರೆಗೆ ಮಲಗ್ಲಿ ಅಂದೆಯಲ್ಲ, ಅವತ್ತೇ ಆ ಕೈ ಸತ್ತಿತು."

ನರಿಯ ಚೀರಾಟ ಅಳುವಾಯಿತು. ಅಳಿಲು ಆನೆಯಮ್ಮನನ್ನು ಕರೆಯಲು ಓಡಿತು. ಆನೆಯಮ್ಮ ಬಂದು ಹೊರಗೆಳೆಯುವವರೆಗೂ ನರಿ ಕಚ್ಚಿಸಿಕೊಳ್ಳುತ್ತಲೇ ಇತ್ತು. ಕರಡಿಮಾವ ಅಲ್ಲಿಂದ ಕದಲಲಿಲ್ಲ.

"ಇಲ್ಲೇ ಇರ್ತೀನಿ" ಎಂದಿತು. "ಒಬ್ಬನೇ ಬಿದ್ದು ಕಾಯೋದು ಎಂಥದ್ದು ಅಂತ ನಂಗೊತ್ತು."

ನೀತಿ: ಬಾಯಿ ಸೊಟ್ಟಗಾದರೆ, ಒಂದು ಕೈಗೆ ಬಲ ತಪ್ಪಿದರೆ, ಮಾತು ತೊದಲಿದರೆ ಅದು ಲಕ್ವ ಇರಬಹುದು. ನಗಬೇಡಿ, ಮಲಗಿದರೆ ಸರಿಹೋಗುತ್ತದೆಂದು ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.