ಬಳೆಗಾರನ ಹೆಂಡತಿ ಹೇಳಿದ ಹೆಸರು

“ಗುರುಗಳೇ, ಗುರುತೇ ಹಿಡಿಯದ ತಾಯಿಯನ್ನು ನೋಡಲು ಹೋಗಿ ಏನು ಪ್ರಯೋಜನ?” ಎಂದು ಶಿಷ್ಯ ಕೇಳಿದ. ಅವನು ಊರಿಗೆ ಹೋಗಿ ಅಂದೇ ಮರಳಿದ್ದ. “ನಾನು ಯಾರು ಹೇಳು ಎಂದು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಸುಮ್ಮನೆ ನಕ್ಕಳು. ಇನ್ನು ನಾನು ಹೋಗಲಾರೆ.”

ಗುರುಗಳು ಶೇಂಗಾ ಸುಲಿಯುತ್ತಿದ್ದರು. ಒಂದು ಬೊಗಸೆ ಅವನ ಮುಂದೆ ಸುರಿದು, “ನೀನೂ ಸುಲಿ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಸಂಗಣ್ಣನೆಂಬ ಬಳೆಗಾರನಿದ್ದ. ಮದುವೆಯಾಗಿ ಐವತ್ತು ವರ್ಷ ಕಳೆದ ಮೇಲೆ ಅವನ ಹೆಂಡತಿಗೆ ಮರೆವು ಹತ್ತಿತು. ಸಾರಿಗೆ ಎರಡು ಸಲ ಉಪ್ಪು ಹಾಕುವಳು. ಮೊಮ್ಮಗಳನ್ನು ತಂಗಿಯ ಹೆಸರಿನಿಂದ ಕರೆಯುವಳು. ಇವರ ಮಗ ನಾಲ್ಕಕ್ಷರ ಓದಿದವನು. ತಾಯಿಗೆ ಎಷ್ಟು ನೆನಪು ಉಳಿದಿದೆ ಎಂದು ನೋಡಲು, ದಿನವೂ ಬೆಳಿಗ್ಗೆ ತಂದೆಯನ್ನು ಎದುರಿಗೆ ಕೂರಿಸಿ, “ಅವ್ವಾ, ಇವರ ಹೆಸರೇನು?” ಎಂದು ಕೇಳುತ್ತಿದ್ದ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು.

“ಅಪ್ಪನೂ ಮರೆತುಹೋದ” ಎಂದು ಮಗ ತೀರ್ಮಾನಿಸಿದ. ಬಳೆಗಾರನಿಗೆ ಬಹಳ ದುಃಖವಾಯಿತು. ಬಳೆಯ ಮಲಾರವನ್ನು ಗೂಟಕ್ಕೆ ತೂಗುಹಾಕಿದ. ವ್ಯಾಪಾರಕ್ಕೂ ಹೋಗಲಿಲ್ಲ, ಹೆಂಡತಿಯ ಹತ್ತಿರವೂ ಕೂರಲಿಲ್ಲ.

ಒಂದು ದಿನ ಅವನ ಅಕ್ಕ ಬಂದಳು. ಎಲ್ಲವನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಲ್ಲೋ ತಮ್ಮಾ, ಐವತ್ತು ವರ್ಷದಾಗ ಒಂದ ಸಲಾನಾದ್ರೂ ಆಕಿ ನಿನ್ನ ಹೆಸರ ಹಿಡದು ಕರದಾಳೇನು? ಈಗ ಬೆಳೆದ ಮಗನ ಮುಂದ, ಅದೂ ಬೆಳಬೆಳಿಗ್ಗೆ, ಹ್ಯಾಂಗ ಹೇಳತಾಳ?”

ಅಪ್ಪ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಗಂಡನ ಹೆಸರು ಹೇಳದ ಮನೆತನ ತಮ್ಮದೆಂಬುದು ಅವರಿಗೇ ಹೊಳೆದಿರಲಿಲ್ಲ.

ಅಕ್ಕ ಸುಮ್ಮನಿರಲಿಲ್ಲ. ನಾದಿನಿಯರು ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಸೇರಿಸಿ ಕಟ್ಟಿದ ಒಡಪು ಹೇಳಿಸುವಂತೆ, ತಮ್ಮನ ಹೆಂಡತಿಯನ್ನು ಅಂಗಳಕ್ಕೆ ಕರೆದೊಯ್ದು, ತಾನು ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಳು. “ಹೆಸರ ಹೇಳು, ಇಲ್ಲಾಂದ್ರ ಒಳಗ ಬಿಡಂಗಿಲ್ಲ!”

ಮುದುಕಿ ತಲೆ ತಗ್ಗಿಸಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು:

“ಊರ ಮಂದಿ ಕೈಗೆಲ್ಲಾ ಬಳಿ ಇಡತಾರ ಬಣ್ಣ ಬಣ್ಣ,
ನನ್ನ ಕೈ ಹಿಡದರ ನಡಗತಾರ ಸಂಗಣ್ಣ.
ದಾರಿ ಬಿಡ್ರಿ ಅಕ್ಕಾರ, ಮೊಣಕಾಲು ನೋಯ್ತಾವ.”

ಬಳೆಗಾರ ನಕ್ಕ, ನಗುತ್ತಲೇ ಅತ್ತ. ಮರುದಿನವೂ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆದರೆ ಆ ಮನೆಯಲ್ಲಿ ಪರೀಕ್ಷೆ ನಿಂತಿತು. ಬಳೆಗಾರ ಮಲಾರ ಹೊತ್ತು ವ್ಯಾಪಾರಕ್ಕೆ ಹೊರಟ. ಯಾರೂ ಇಲ್ಲದಾಗ ತಾನೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದನಂತೆ.

ಶಿಷ್ಯನ ಕೈಯಲ್ಲಿ ಶೇಂಗಾ ಹಾಗೆಯೇ ಇತ್ತು. “ಹಾಗಾದರೆ ನಾನು ಅವ್ವನನ್ನು ಏನು ಕೇಳಬೇಕು?” ಎಂದ.

“ಏನೂ ಕೇಳಬೇಡ, ಒಳಗೆ ಹೋದವನೇ, ‘ಅವ್ವಾ, ಹಸಿವಾಗೇದ’ ಅನ್ನು” ಎಂದರು ಗುರುಗಳು.

ಶಿಷ್ಯ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟು ಊರಿನ ದಾರಿ ಹಿಡಿದ.