ಬೇಲಿಯೊಳಗಿನ ಇಬ್ಬರು

ಗಿಡಗಳ ಮಾತು ತಿಳಿಯುವವನು ಈ ಸೀಮೆಯಲ್ಲೇ ನಾನೊಬ್ಬ, ಬೇಕಾದರೆ ಯಾರನ್ನಾದರೂ ಕೇಳಿ. ಕಲ್ಲುಗುಡ್ಡದ ಮೇಲೆ ಒಂದು ಜಾತಿಯ ಕುರುಚಲು ಗಿಡ ಒಂದೇ ಒಂದು ಉಳಿದಿತ್ತು. ಅರಣ್ಯದವರು ಸುತ್ತ ಮುಳ್ಳುತಂತಿ ಬಿಗಿದಿದ್ದರು. ಆ ಗಿಡದ ಎಲೆ ಬಿಟ್ಟು ಬೇರೇನೂ ತಿನ್ನದ ತುಕ್ಕುರೋಗದ ಬೂಷ್ಟು ಗಾಳಿಯಲ್ಲಿ ಬಂದು ಎಲೆಯಡಿ ಕೂತು ಮಾತಿಗಿಳಿಯಿತು.

“ಅಕ್ಕಾ, ನಿನಗೆ ಬೇಲಿ, ಕಾವಲು. ನನ್ನ ಕುಲಕ್ಕೆ ನಾನೂ ಕೊನೆಯವನೇ, ನನ್ನನ್ನು ಯಾರು ಕೇಳ್ತಾರೆ?”

“ನಿನ್ನವರು ನನ್ನವರನ್ನೆಲ್ಲ ತಿಂದು ಮುಗಿಸಿದರಲ್ಲ ತಮ್ಮಾ, ಅದಕ್ಕೇ ನೀನು ಕೊನೆಯವನು. ಈ ಮೊಗ್ಗು ಬೀಜ ಕಟ್ಟುವವರೆಗೆ ತಡಿ. ನನಗೆ ಮರಿ ಹುಟ್ಟಿದರೆ ನಿನ್ನ ಮರಿಗೂ ಊಟ.”

“ತಡೀತೀನಿ. ಇವತ್ತೊಂದು ಎಲೆ ಮಾತ್ರ.”

ಗಿಡ ನಿಟ್ಟುಸಿರಿಟ್ಟಿತು. “ನಿಮ್ಮಜ್ಜನೂ ಹೀಗೇ ಅಂದಿದ್ದ.”

ಮಳೆಗಾಲ ಕಳೆದ ಮೇಲೆ ಗುಡ್ಡ ಹತ್ತಿ ನೋಡಿದೆ. ಬೇಲಿ ಗಟ್ಟಿಯಾಗೇ ಇತ್ತು. ಒಳಗೆ ಮಾತಾಡುವವರು ಯಾರೂ ಇರಲಿಲ್ಲ.