ದಂತ ಕೆತ್ತುವವನ ಮೂರು ಹಲ್ಲು

“ಗುರುಗಳೇ, ಒಂದು ಒಗಟು. ನಾನು ದಿನಕ್ಕೆರಡು ಸುಳ್ಳು ಮಾಡುತ್ತೇನೆ. ಸುಳ್ಳು ಸಿಕ್ಕಿಬಿದ್ದರೆ ನಾನು ಕೆಟ್ಟ ಕೆಲಸಗಾತಿ. ಸಿಕ್ಕಿಬೀಳದಿದ್ದರೆ ನಾನೊಬ್ಬಳು ಇದ್ದೇನೆ ಎಂದೇ ಯಾರಿಗೂ ಗೊತ್ತಾಗದು. ಹೇಳಿ, ನನಗೆ ಮಾನ ಯಾವುದರಲ್ಲಿ?”

ಕೇಳಿದವಳು ದ್ರಾಕ್ಷಾಯಣಿ. ಊರಿನ ಹಲ್ಲಿನ ವೈದ್ಯರಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವ ಮೌನೇಶಪ್ಪ ಮಾಸ್ತರರ ಬಳಿ ಆರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ತನ್ನ ಒಗಟಿಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಎದುರಿಗೆ ಪಿಂಗಾಣಿಯ ಹಲ್ಲೊಂದು ಕುಲುಮೆಗೆ ಹೋಗಲು ಕಾಯುತ್ತಿತ್ತು. ಕೈಯಲ್ಲಿ ಕೂದಲೆಳೆಯಂಥ ಕುಂಚವಿತ್ತು.

ಹಿಂದಿನ ದಿನ ಅವಳು ಒಂದು ಮದುವೆಗೆ ಹೋಗಿದ್ದಳು. ಮದುಮಗಳ ಮುಂದಿನ ಹಲ್ಲು ಇವಳು ಮಾಡಿದ್ದು. ಜನ ಸೀರೆಯನ್ನು ಹೊಗಳಿದರು. ಜಡೆ ಹೆಣೆದವಳನ್ನು ಹೊಗಳಿದರು. ಹೋಳಿಗೆ ಬೇಯಿಸಿದವನನ್ನೂ ಒಲೆಯ ಮುಂದಿನಿಂದ ಎಬ್ಬಿಸಿ ತಂದು ಶಾಲು ಹೊದಿಸಿದರು. ಮದುಮಗಳು ಮಾತ್ರ ಇವಳನ್ನು ಗಂಡನಿಗೆ ತೋರಿಸಿ, “ಇವರು... ಗೊತ್ತಿರೋರು” ಎಂದು ಬಾಯ್ತುಂಬ ನಕ್ಕಳು. ಆ ನಗುವಿನ ನಟ್ಟನಡುವೆ ಇವಳ ಹಲ್ಲೇ ಕೂತಿತ್ತು.

“ಅದಕ್ಕೇ ಈ ಹಲ್ಲಿನ ಬೆನ್ನಿಗೆ ನನ್ನ ಹೆಸರಿನ ಒಂದಕ್ಷರ ಬರೀತೀನಿ,” ಎಂದಳು. “ಇರುವೆಯ ಕಾಲಿನಷ್ಟು. ಬೇಡ ಅಂದರೆ ನಾಳೆಯಿಂದ ನಾನೇ ಬರೋದಿಲ್ಲ.”

“ಹಲ್ಲಿನ ಬೆನ್ನನ್ನು ಓದೋದು ಕಣ್ಣಲ್ಲ ಅವ್ವಾ, ನಾಲಗೆ,” ಎಂದರು ಮಾಸ್ತರರು. “ಅದಕ್ಕೆ ಇರುವೆಯ ಕಾಲೂ ಆನೆಯ ಕಾಲೇ. ನಮ್ಮ ಕಸುಬಿಗೆ ಎರಡೂವರೆ ಸಾವಿರ ವರ್ಷದ ಮೇಲಾಯಿತು. ಸಮುದ್ರದಾಚೆ ಚಿನ್ನದ ಪಟ್ಟಿಯಲ್ಲಿ ಹಲ್ಲು ಕಟ್ಟಿದರು. ಯುದ್ಧದಲ್ಲಿ ಸತ್ತವರ ಹಲ್ಲು ಕಿತ್ತು ತಂದು ಬದುಕಿದ್ದವರಿಗೆ ಕೂರಿಸಿದರು. ಹಲ್ಲಿಗೆ ಕರಿಪುಡಿ ತಿಕ್ಕಿದವಳೇ ಚೆಲುವೆ ಎಂಬ ಕಾಲ ನಮ್ಮಲ್ಲೇ ಇತ್ತು. ಈಗ ಸುಣ್ಣ ಬಳಿದ ಗೋಡೆ ನಾಚಬೇಕು, ಅಷ್ಟು ಬೆಳ್ಳಗೆ ಕೇಳುತ್ತಾರೆ. ಕಪ್ಪು ಕೇಳಿದಾಗ ಕಪ್ಪು ಕೊಟ್ಟೆವು, ಬಿಳಿ ಕೇಳಿದಾಗ ಬಿಳಿ ಕೊಟ್ಟೆವು. ನಗು ನಿಲ್ಲದ ಹಾಗೆ ನೋಡಿಕೊಂಡೆವು.”

“ಹಾಗೆ ಹಲ್ಲು ಮಾಡಿದವರಲ್ಲಿ ಒಬ್ಬನ ಹೆಸರಾದರೂ ನಿಮಗೆ ಗೊತ್ತೇ?”

“ಇಲ್ಲ.”

“ಅದೇ ನನ್ನ ಸಂಕಟ!”

“ಅದೇ ನನ್ನ ಹೆಮ್ಮೆ,” ಎಂದು ಮಾಸ್ತರರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕುದುರೆಯಿಂದ ಬಿದ್ದು ಮುಂದಿನ ಮೂರು ಹಲ್ಲು ಕಳೆದುಕೊಂಡ. ಅವನದು ಸಾಸಿವೆಯ ವ್ಯಾಪಾರ. ‘ಸಾಸಿವೆ’ ಎನ್ನಲು ಹೋದರೆ ಬಾಯಿಂದ ಸೀಟಿ ಹೊರಡುತ್ತಿತ್ತು. ಕೊಳ್ಳುವವರಿಗಿಂತ ಮೊದಲು ಬೀದಿನಾಯಿಗಳು ಬಂದು ಬಾಲ ಅಲ್ಲಾಡಿಸುತ್ತಿದ್ದವು. ಆ ವರ್ಷ ಎರಡು ಊರಿನ ವರ್ತಕರ ಜಗಳವನ್ನು ಅವನೇ ಬಗೆಹರಿಸಬೇಕಿತ್ತು. ಸೀಟಿ ಹೊಡೆಯುತ್ತ ನ್ಯಾಯ ಹೇಳಲಾದೀತೇ? ಅವನು ದಂತ ಕೆತ್ತುವವನೊಬ್ಬನ ಬಳಿ ಹೋದ.

ದಂತ ಕೆತ್ತುವವನು ದೇವರ ಮೂರ್ತಿಗಳಿಗೆ ಹೆಸರಾದವನು. ಆನೆಯ ದಂತದಲ್ಲಿ ಮೂರು ಹಲ್ಲು ಕೆತ್ತಿದ. ಮೂರೂ ಒಂದೇ ಅಳತೆ. ಶಂಖದ ಹೊಳಪು. ಚಿನ್ನದ ತಂತಿಯಿಂದ ಅಕ್ಕಪಕ್ಕದ ಹಲ್ಲಿಗೆ ಬಿಗಿದ.

ವರ್ತಕ ಸಭೆಯಲ್ಲಿ ಬಾಯಿ ತೆರೆದ. ಸಭೆ ಬಾಯಿ ಮುಚ್ಚಿತು. ಎಲ್ಲರೂ ಹಲ್ಲನ್ನೇ ನೋಡಿದರು. ಅವನು ನ್ಯಾಯ ಹೇಳಿ ಮುಗಿಸಿದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಕೇಳಿದರು: “ಯಾರು ಮಾಡಿದ್ದು?” ಆ ದಿನ ಅವರು ಒಂದಾದದ್ದು ಆ ಒಂದು ಮಾತಿನಲ್ಲಿ. ಜಗಳ ಹಾಗೇ ಉಳಿಯಿತು.

ದಂತದವನ ಹೆಸರು ಎರಡೂ ಊರು ಸುತ್ತಿತು. ಅವನು ಎದೆ ಉಬ್ಬಿಸಿ ನಡೆದ. ಮೂರನೆಯ ದಿನ ವರ್ತಕ ಬಂದು ಹಲ್ಲು ಬಿಚ್ಚಿ ಅವನ ಅಂಗೈಗೆ ಹಾಕಿದ.

“ನಿನ್ನ ಹಲ್ಲುಗಳು ಬಹಳ ಮಾತಾಡುತ್ತವೆ. ನನಗೆ ಸರದಿಯೇ ಬರುವುದಿಲ್ಲ,” ಎಂದು ಸೀಟಿ ಹೊಡೆಯುತ್ತ ಹೊರಟುಹೋದ.

ದಂತದವನು ಅಂಗೈ ನೋಡುತ್ತ ಕೂತ. ಆಮೇಲೆ ಎದ್ದು ಓಡಿದ. ವರ್ತಕನನ್ನು ಬೀದಿಯಲ್ಲೇ ನಿಲ್ಲಿಸಿ, “ಆ ಅನ್ನಿ” ಎಂದು ಮೊದಲ ಸಲ ಅವನ ಬಾಯಿಯನ್ನು ಸರಿಯಾಗಿ ನೋಡಿದ. ಉಳಿದ ಹಲ್ಲುಗಳು ಎಲೆಯಡಿಕೆಗೆ ಕೆಂಪಾಗಿದ್ದವು. ಒಂದು ಹಲ್ಲು ಪಕ್ಕದ್ದರ ಹೆಗಲಿಗೆ ಒರಗಿತ್ತು.

ಅವನು ಹೊಸದಾಗಿ ಮೂರು ಹಲ್ಲು ಕೆತ್ತಿದ. ಒಂದನ್ನು ವಾಲಿಸಿದ. ಒಂದರ ಮೂಲೆ ಮುಕ್ಕು ಮಾಡಿದ. ತಂತಿ ಹೊರಗೆ ಕಾಣದ ಹಾಗೆ ಮೂರರ ಬೆನ್ನಿಗೂ ತೋಡು ಕೊರೆದ. ಮೂರನ್ನೂ ಎಲೆ, ಸುಣ್ಣ, ಕಾಚಿನ ರಸದಲ್ಲಿ ಹದಿನೈದು ದಿನ ನೆನೆಹಾಕಿದ. ಅವನ ಹೆಂಡತಿ ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿದಳು: “ಲೋಕದ ಗಂಡಸರು ಡೊಂಕು ನೆಟ್ಟಗೆ ಮಾಡ್ತಾರೆ. ನಮ್ಮನೆಯವರು ನೆಟ್ಟಗಿದ್ದದ್ದನ್ನು ಡೊಂಕು ಮಾಡೋಕೆ ಊಟ ಬಿಟ್ಟು ಕೂತಿದ್ದಾರೆ!”

ವರ್ತಕ ಮತ್ತೆ ಸಭೆಗೆ ಹೋದ. ಮಾತಾಡಿದ. ಜನ ಮಾತು ಕೇಳಿದರು. ಜಗಳ ಮುಗಿಯಿತು. ಹಲ್ಲನ್ನು ಯಾರೂ ನೋಡಲಿಲ್ಲ.

ಹಿಂದೆ ನಿಂತಿದ್ದ ದಂತದವನನ್ನು ಪಕ್ಕದವನು ಮೊಣಕೈಯಿಂದ ತಿವಿದ. “ಏನಯ್ಯಾ, ನಿನ್ನ ಬಿಳಿ ಹಲ್ಲು ಬಿಚ್ಚಿ ಎಸೆದನಂತಲ್ಲ! ನೋಡು, ಸ್ವಂತ ಹಲ್ಲೇ ಮತ್ತೆ ಮೊಳೆತಿವೆ. ದೇವರು ಮಾಡಿದ್ದಕ್ಕೂ ನೀನು ಮಾಡಿದ್ದಕ್ಕೂ ಎಷ್ಟು ವ್ಯತ್ಯಾಸ!”

“ಹೌದು, ಬಹಳ,” ಎಂದ ದಂತದವನು. ಪಟ್ಟಕ್ಕೇರಿದ ರಾಜನ ಹಾಗೆ ಮನೆಗೆ ನಡೆದ.

ದ್ರಾಕ್ಷಾಯಣಿಗೆ ತಾನೂ ಅವನ ಹಿಂದೆಯೇ ನಡೆದ ಹಾಗಾಯಿತು. ಬೆನ್ನು ತಾನಾಗಿ ನೆಟ್ಟಗಾಯಿತು. ಮದುಮಗಳ ನಗು ನೆನಪಾಯಿತು. ಈ ಸಲ ಅದು ಚುಚ್ಚಲಿಲ್ಲ.

“ಆ ‘ಹೌದು’ ಅನ್ನುವಾಗ ಅವನಿಗೆ ಎಷ್ಟು ಜಂಬ ಇದ್ದಿರಬೇಕು ಗುರುಗಳೇ! ಇದು ನಿಮ್ಮ ಗುರುಗಳು ಹೇಳಿದ ಕತೆಯೇ?”

ಮಾಸ್ತರರು ಭೂತಗನ್ನಡಿ ಒರೆಸುತ್ತ ಹೇಳಿದರು: “ವರ್ತಕ ಸೀಟಿ ಹೊಡೆಯುತ್ತ ಹೋದಲ್ಲಿಗೇ ನನ್ನ ಗುರುಗಳ ಕತೆ ಮುರಿದಿತ್ತು, ಮಿಕ್ಕದ್ದು ನಾನೀಗ ಕೂತಲ್ಲೇ ಕಟ್ಟಿದ್ದು, ಜೋಡಿಸಿದ ಜಾಗ ನಿನ್ನ ನಾಲಗೆಗೆ ತಗುಲಿತೇ?”

ದ್ರಾಕ್ಷಾಯಣಿ ಕುಂಚವನ್ನು ಒರೆಸಿ ಬದಿಗಿಟ್ಟಳು. ಹಲ್ಲನ್ನು, ಬೆನ್ನು ಬರಿದಾಗಿದ್ದ ಹಾಗೇ, ಕುಲುಮೆಯೊಳಗಿಟ್ಟಳು.